ತೊಳೆದುಕೊಂಡು ಬಂದದ್ದು ಎಡಗಾಲು

ತಂಬಿಗೆಯ ನೀರು ಬಟ್ಟಲಿಗೆ ಬಿದ್ದ ಸದ್ದು, ಮೂರನೆಯವರದು ಮುಗಿಯಿತು, ಫಾದರ್ ಬಿಳಿ ಟವೆಲಿನಲ್ಲಿ ಪಾದ ಒರೆಸಿ, ಬಗ್ಗಿ ಮುತ್ತಿಟ್ಟು, ಮಂಡಿಯಲ್ಲೇ ಸರಿದು ನಾಲ್ಕನೆಯವರ ಮುಂದೆ ಬಂದರು, ಲಿಗೋರಿ ಕುಳಿತದ್ದು ಎಂಟನೆಯ ಕುರ್ಚಿಯಲ್ಲಿ — ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಇವನೂ ಇರಲಿ ಎಂದು ಚರ್ಚಿನ ವಾರ್ಡಿನ ಮುಂದಾಳು ಗುರ್ಕಾರರು ಹೆಸರು ಬರೆಸಿದ್ದರು, ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವ, ಬೇಡ ಎನ್ನಲು ನೆವ ಹೊಳೆಯಲಿಲ್ಲ, ಎಲ್ಲರೂ ಬಲಗಾಲಿನ ಚಪ್ಪಲಿ ಕಳಚಿ ಕುಳಿತಿದ್ದಾರೆ, ಇವನೊಬ್ಬನದೇ ಎಡಗಾಲು, ಮನೆಯಲ್ಲಿ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದದ್ದು, ತೊಳೆದ ಕಾಲನ್ನೇ ತೊಳೆಸಿಕೊಳ್ಳುವ ಭಂಡ, ನಗು ಬರಬೇಕಿತ್ತು, ಬರುತ್ತಿಲ್ಲ, ಬಲಗಾಲಿನ ಸಾಕ್ಸಿನೊಳಗೆ ಹೆಬ್ಬೆರಳು ಕಪ್ಪಾಗಿ ಹದಿನೈದು ದಿನ, ಹೆಂಡತಿ ಸೆಲೆಸ್ತಿನ್‌ಗೂ ಗೊತ್ತಿಲ್ಲ, ಅಲ್ಲಿ ಹೆಂಗಸರ ಸಾಲಿನಲ್ಲಿ ತಲೆಗೆ ಸೆರಗು ಹೊದ್ದು, ಗಂಡನಿಗೆ ಸಿಕ್ಕ ಮರ್ಯಾದೆಯನ್ನು ಕಣ್ತುಂಬ ನೋಡುತ್ತಿದ್ದಾಳೆ.

ಶುಗರ್ ಇದ್ದವರು ಪಾದ ನೋಡಿಕೊಳ್ಳಬೇಕು ಲಿಗೋರಿಯವರೇ, ಬೆಳ್ತಂಗಡಿಯ ಡಾಕ್ಟರು ಹೇಳಿದ್ದರು, ಈಗ ಅವರಿಗೆ ತೋರಿಸಿದರೆ ಕತ್ತರಿಸುತ್ತಾರೆ, ಬೆರಳು ಹೋಗುತ್ತದೆ, ಬೆರಳು ಹೋದರೆ ಸ್ಟೇರಿಂಗ್ ಹೋಗುತ್ತದೆ, ಸ್ಟೇರಿಂಗ್ ಇಲ್ಲದ ಲಿಗೋರಿ ಯಾರು — ಐದನೆಯವರು — ಮೊನ್ನೆ ಸೋಮವಾರ, ಮುಂಡಾಜೆಯ ಇಳಿಜಾರು, ಸ್ಟಾಪಿನಲ್ಲಿ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು, ಬ್ರೇಕು ಒತ್ತಿದ, ಒತ್ತಿದೆ ಅಂದುಕೊಂಡ, ಬಸ್ಸು ಹೋಗುತ್ತಲೇ ಇತ್ತು, ಬಗ್ಗಿ ನೋಡಿದರೆ ಪಾದ ಪೆಡಲಿನ ಪಕ್ಕದಲ್ಲಿತ್ತು, ತನ್ನದೇ ಪಾದ, ಬೇರೆ ಯಾರದೋ ಎಂಬಂತೆ, ನಲವತ್ತು ಜನ ಒಟ್ಟಿಗೆ ಕಿರುಚಿದರು, ಬಸ್ಸು ನಿಲ್ಲುವಷ್ಟರಲ್ಲಿ ಅವಳು ಚರಂಡಿಗೆ ಹಾರಿ ಉಳಿದಿದ್ದಳು, ಚಕ್ರದಡಿ ಅವಳ ಕಪ್ಪು ಕೊಡೆ, ಮುರಿದ ಕಡ್ಡಿಗಳು, ಅಂದಿನಿಂದ ನಿದ್ದೆಯಲ್ಲಿ ಆ ಕೊಡೆ ಎತ್ತಿದರೆ ಅಡಿಯಲ್ಲಿ ಅವಳಿರುತ್ತಾಳೆ, ಪ್ರತಿ ಸಲ ಇರುತ್ತಾಳೆ — ಕಂಡಕ್ಟರ್ ನೌಫಲ್ ಯಾರಿಗೂ ಹೇಳಲಿಲ್ಲ, ಟಿಕೆಟ್ ಮೆಷಿನ್ ಒರೆಸುತ್ತ ಇಷ್ಟೇ ಅಂದ, ನನಗೆ ಹೆದರಿಕೆ ಆಗ್ತದೆ ಲಿಗೋರಿಯಣ್ಣ, ನೀವೇ ಹೇಳ್ತೀರಿ ಅಂತ ಕಾಯ್ತೇನೆ — ಆರನೆಯವರು — ತಪಸ್ಸುಕಾಲದ ನಲವತ್ತು ದಿನ ಮೀನಿಲ್ಲ, ಮಾಂಸವಿಲ್ಲ, ಕಳ್ಳಿಲ್ಲ, ಪ್ರತಿ ವರ್ಷ, ಈಸ್ಟರಿಗೆ ಎಲ್ಲ ವಾಪಸ್ಸು, ವಾಪಸ್ಸು ಸಿಗುವುದನ್ನೇ ದೇವರಿಗೆ ಕೊಡುತ್ತ ಬಂದವ, ಅದಕ್ಕೆ ತ್ಯಾಗ ಎಂದು ಹೆಸರಿಟ್ಟವ, ಈ ಸ್ಟೇರಿಂಗ್ ಒಂದು ಬಿಟ್ಟು ಬೇರೆ ಏನಾದರೂ ಕೇಳು ದೇವರೇ, ನಾಡಿದ್ದು ಶನಿವಾರ ಬೆಳಿಗ್ಗೆ ಆರೂ ಹತ್ತರ ಟ್ರಿಪ್ಪು, ಅದೇ ಇಳಿಜಾರು, ಅದೇ ಸ್ಟಾಪು, ಯಾರೋ ಕೈ ಅಡ್ಡ ಹಿಡಿದು ನಿಂತಿರುತ್ತಾರೆ — ಏಳನೆಯವರ ಪಾದಕ್ಕೆ ಮುತ್ತು, ಫಾದರ್ ಎದುರಿಗೇ, ಎಡಗಾಲಿಗೇ ಕೈ ಚಾಚಿದರು, ಏನೂ ಕೇಳಲಿಲ್ಲ, ಎಡವಾದರೆ ಎಡ, ದಾಟಿತು, ದಾಟಿಯೇಬಿಟ್ಟಿತು, ಆದರೆ ಕೈ ತಾನಾಗಿ ಬಲಗಾಲಿಗೆ ಹೋಗಿದೆ, ಶೂ ಕಳಚಿದೆ, ಅಂಟಿಕೊಂಡ ಸಾಕ್ಸು ಕಿತ್ತು ಬರುತ್ತಿದೆ, ವಾಸನೆ, ಪಕ್ಕದವನು ಮುಖ ತಿರುಗಿಸಿದ, ಸೆಲೆಸ್ತಿನ್ ಎದ್ದು ನಿಂತಳು, ಬಲಗಾಲನ್ನೇ ಮುಂದೆ ಚಾಚಿ, ಅದಲ್ಲ ಫಾದರ್, ಇದು, ಅಂದ. ನೀರು ಹೊಯ್ದರು, ನೋವುಂಟಾ ಲಿಗೋರಿ, ಬೆರಳನ್ನು ಮೆಲ್ಲಗೆ ಹಿಡಿದರು, ಹಿಡಿದದ್ದು ಕಣ್ಣಿಗೆ ಕಾಣುತ್ತಿದೆ, ಅಷ್ಟೇ, ಇಲ್ಲ ಫಾದರ್, ಏನೂ ಗೊತ್ತಾಗುವುದಿಲ್ಲ, ಇನ್ನು ನಾನು ಬಸ್ಸು ಓಡಿಸುವುದಿಲ್ಲ, ಗಟ್ಟಿಯಾಗಿಯೇ ಅಂದುಬಿಟ್ಟ, ಫಾದರ್ ಬಗ್ಗಿದರು, ಆ ಬೆರಳಿಗೆ ತುಟಿ ತಾಗಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಕಣ್ಣು ಮುಚ್ಚಿದ, ಚಕ್ರದಡಿ ಕೊಡೆ, ಮುರಿದ ಕಡ್ಡಿಗಳು, ಹೆದರುತ್ತಲೇ ಎತ್ತಿದ, ಅಡಿಯಲ್ಲಿ ಬರೀ ರಸ್ತೆ.