ಮಷೀನಿನೊಳಗಿನ ಇಳಕಲ್ ಸೀರೆ

ಗಾಜಿಗೆ ಕೆಂಪು ಸೆರಗು ಅಂಟಿಕೊಂಡಿದೆ, ಒಳಗಿನ ನೀರೂ ಕೆಂಪಗಾಗಿದೆ, ಬಣ್ಣ ಬಿಟ್ಟಿದೆ ಅಷ್ಟೇ, ಇಳಕಲ್ ಸೀರೆ ಮೊದಲ ನೀರಿಗೆ ಬಣ್ಣ ಬಿಡದೆ ಇನ್ನೇನು ಬಿಟ್ಟೀತು — ಅನ್ನಪೂರ್ಣ ಬಚ್ಚಲಮನೆಯ ನೆಲದ ಮೇಲೆ ಕೂತು ವಾಷಿಂಗ್ ಮಷೀನಿನ ಬಾಗಿಲನ್ನು ಮತ್ತೆ ಜಗ್ಗಿದಳು, ಜಪ್ಪಯ್ಯ ಅಂದರೂ ಅದು ಬಿಡಲಿಲ್ಲ, ಬೀಗದ ಚಿತ್ರದ ದೀಪ ಮಿಣುಕುತ್ತಲೇ ಇದೆ, ಎಲ್ಲ ಗುಂಡಿ ಒತ್ತಿದ್ದಾಯಿತು, ಪ್ಲಗ್ಗು ಕಿತ್ತು ಸ್ವಲ್ಪ ಹೊತ್ತು ಕಾದು ಮತ್ತೆ ಹಾಕಿದ್ದಾಯಿತು, ನಿನ್ನ ಕಾಲು ಬೀಳ್ತೀನಿ ತೆಗೆಯೇ ಅಂದದ್ದೂ ಆಯಿತು, ಯಾರಿಗೆ ಅಂದೆ ಹಾಗೆ, ಮಷೀನಿಗೋ ಫೋಟೋದೊಳಗಿನ ಆಕೆಗೋ. ಅತ್ತೆ ಬಸ್ಸಮ್ಮ ದೇವದುರ್ಗದ ಬಸ್ಸಿನಲ್ಲಿದ್ದಾಳೆ, ಕಲ್ಮಲ ದಾಟಿದಿವಿ ಅಂತ ಆಗಲೇ ಫೋನು ಬಂತು, ಕಲ್ಮಲ ದಾಟಿದರೆ ರಾಯಚೂರು ಎಷ್ಟು ದೂರ, ಬಂದು ಕೈಕಾಲು ತೊಳೆದು ಆಕೆ ಮೊದಲು ಕೇಳುವುದೇ ಅದನ್ನು, ಸೀರಿ ಎಲ್ಲಿ, ಜಗಲಿ ಮ್ಯಾಲ ಇಡೂಣು. ದೇವರ ಜಗಲಿಯ ಮೇಲೆ ವಿಶಾಖಾಳ ಫೋಟೋ ಇದೆ, ಗಂಡ ಉಮೇಶನ ಮೊದಲ ಹೆಂಡತಿ, ಜ್ವರದಲ್ಲಿ ಹೋದವಳು, ಫೋಟೋದಲ್ಲಿ ನಗುವುದೂ ಇಲ್ಲ ಸಿಟ್ಟಾಗುವುದೂ ಇಲ್ಲ, ಸುಮ್ಮನೆ ನೋಡುತ್ತಾಳೆ.

ಎರಡನೇ ಸಂಬಂಧಕ್ಕೆ ಬಂದವಳಿಗೆ ಯಾವ ಹೊಸ ಸೀರೆಯೂ ಮೊದಲು ತನ್ನದಲ್ಲ, ಸತ್ತ ಹಿರಿಯವಳ ಮುಂದೆ ಇಟ್ಟು, ಊದಿನಕಡ್ಡಿ ಬೆಳಗಿ, ಆಕೆ ಉಟ್ಟಳು ಅಂದುಕೊಂಡ ಮೇಲೆ ತಾನು ಉಡಬೇಕು, ಮದುವೆ ಸೀರೆ, ಪಂಚಮಿ ಸೀರೆ, ಎಲ್ಲ ವಿಶಾಖಾಳ ಎಂಜಲೇ — ಛೆ, ಹಾಗನ್ನಬಾರದು — ಯಾಕನ್ನಬಾರದು, ಎಂಜಲು ಎಂಜಲೇ. ಆದರೆ ಇದು ಕುಬಸಕ್ಕೆ, ಬಸಿರಿನ ಸೀಮಂತಕ್ಕೆಂದು, ಮಾನ್ವಿಯಿಂದ ಅವ್ವ ಕಳಿಸಿದ್ದು, ಹಸಿರು ಮೈ, ಕೆಂಪು ಸೆರಗು, ಹೊಟ್ಟೆಯಲ್ಲಿರುವುದು ನನ್ನ ಕೂಸು, ಆಕೆಯದಲ್ಲವಲ್ಲ, ಇದೊಂದಾದರೂ ಮೊದಲು ನನ್ನದಾಗಲಿ ಅಂತ ಬೆಳಿಗ್ಗೆ ಉಮೇಶ ಗಂಜ್ ಮಾರ್ಕೆಟ್ಟಿಗೆ ಹೋದ ಮೇಲೆ ಕದ ಹಾಕಿಕೊಂಡು ಉಟ್ಟಳು, ಕನ್ನಡಿಯ ಮುಂದೆ ಅತ್ತಿತ್ತ ತಿರುಗಿದಳು, ಎಷ್ಟು ಚೆಂದ ಕಂಡಳು, ತಲೆಯ ಮೇಲೆ ಹೊದ್ದ ಸೆರಗಿಗೆ ಎಣ್ಣೆ ಹತ್ತಿದ್ದು ಬಿಚ್ಚುವಾಗ ಕಂಡಿತು, ಅಂಗೈಯಗಲ ಕಲೆ. ತೊಳೆದು ಒಣಗಿಸಿ ಇಸ್ತ್ರಿ ಮಾಡಿಟ್ಟರೆ ಯಾರಿಗೆ ತಿಳಿದೀತು, ಅತ್ತೆಯ ಕಣ್ಣು ಮೊದಲೇ ಮಂದ, ಅಂತ ಜಾಣೆಯ ಹಾಗೆ ತಂದು ಇದರೊಳಗೆ ತುರುಕಿದಳಲ್ಲ, ಇದು ಯಾರ ಮಷೀನು ಅಂತ ಆಗ ನೆನಪಾಗಲಿಲ್ಲ, ವಿಶಾಖಾ ಹಟ ಹಿಡಿದು ಕೊಡಿಸಿಕೊಂಡದ್ದು. ಇಡದ ಉಟ್ಟರ ಬಸಿರ ನಿಲ್ಲಂಗಿಲ್ಲವ್ವಾ, ಸಿರವಾರದಾಗ ಒಬ್ಬಾಕಿ ಹಿಂಗ ಮಾಡಿದ್ಲು ಅಂತ ಅವ್ವ ಹೇಳಿದ್ದಳು, ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಗಾಜಿನ ಹಿಂದೆ ಸೆರಗು ಮೆಲ್ಲಗೆ ಅಲುಗಿತು, ನೀರಿನಲ್ಲಿದ್ದದ್ದು ಅಲುಗದೆ ಇದ್ದೀತೇ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು, ನಿನ್ನೆ ಒದೆಯುತ್ತಿತ್ತು, ಇವತ್ತು ಯಾಕೆ ಸುಮ್ಮನಿದೆ, ಒಂದು ಸಲ ಒದಿ, ಒಂದೇ ಸಲ, ನಾನೇನು ಕದ್ದೆನೇ, ನನ್ನ ತವರಿನ ಸೀರೆ ನಾನು ಉಟ್ಟೆ.

ಮಷೀನಿನ ಬದಿಗೆ ರಿಪೇರಿ ವಲಿ ಪಾಷಾನ ನಂಬರಿನ ಚೀಟಿ, ಅಂಟಿಸಿದ್ದೂ ವಿಶಾಖಾಳೇ. ಫೋನು ಹಚ್ಚಿದಳು. ಹೇಳ್ರಿ ವಿಶಾಖಾ ಅಕ್ಕಾರ, ಅಂದ ಆತ. ಅನ್ನಪೂರ್ಣ ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಆಮೇಲೆ ಹೊಳೆಯಿತು, ಫೋನು ಆಕೆಯದಲ್ಲವೇ, ನಂಬರೂ ಆಕೆಯದೇ, ಚೆಲೋ ಅದ ಯಾಕ ಕೆಡಸೂದು ಅಂತ ಉಮೇಶ ಮದುವೆಯಾದ ವಾರಕ್ಕೇ ಕೈಗಿಟ್ಟಿದ್ದ. ಬಾಳ ದಿನಾ ಆತ್ರಿ, ಹೋದಸಲ ಬಂದಾಗ ಜ್ವರಾ ಬಂದು ಮಲಗಿದ್ರಿ, ಆರಾಮ ಆದ್ರೇನ್ರಿ, ಅಂತ ಕೇಳಿದ. ನಾನು ಆಕಿ ಅಲ್ಲ, ಆಕಿ ಹೋಗಿಬಿಟ್ಟಾಳ, ಇಷ್ಟು ಹೇಳಲು ಎಷ್ಟು ಹೊತ್ತು, ಆದರೆ ಹೇಳಿದರೆ ಆತ ಅಯ್ಯೋ ಅಂತಾನೆ, ಹೆಂಗಾತು ಅಂತಾನೆ, ಬಸ್ಸು ಊರೊಳಗೆ ಬಂದಿರುತ್ತದೆ — ಹೂಂ, ಆರಾಮ ಅದೀನಿ, ಅಂದಳು. ತನ್ನ ಬಾಯಿಂದಲೇ ಬಂತು. ಸತ್ತವಳ ಪರವಾಗಿ ಹೇಳಿದ ಮಾತು ಬಚ್ಚಲ ಗೋಡೆಗೆ ಬಡಿದು ಕಿವಿಗೆ ಬಂದಾಗ ಅದು ತನ್ನ ದನಿಯೇ ಅಲ್ಲ ಅನಿಸಿತು.

ನೀರು ಇರೂತನಕ ಬಾಗಲಾ ಬಿಡಂಗಿಲ್ರಿ, ಕೆಳಗಿನ ಮುಚ್ಚಳ ತೆಗೆದು ಸಣ್ಣ ಪೈಪಿನ ಬಿರಡೆ ಬಿಚ್ಚ್ರಿ, ನೀರೆಲ್ಲ ಹೋದಮ್ಯಾಲ ಅಲ್ಲೇ ಒಳಗ ದಾರ ಅದ ಜಗ್ಗ್ರಿ, ಕಂಪನೀದು ಹರಿದಿತ್ತು, ನೀವೇ ಕಟ್ಟಿದ್ರಲ್ರಿ, ಅಂದ ವಲಿ ಪಾಷಾ. ಫೋನನ್ನು ಸ್ಪೀಕರಿಗಿಟ್ಟು ನೆಲಕ್ಕೆ ಹಾಕಿದಳು. ಪೈಪಿನಿಂದ ಕೆಂಪು ನೀರು ಹರಿದು ಕಾಲ ಬೆರಳುಗಳ ನಡುವೆ ಬಂತು, ನೋಡಬಾರದು, ಬಣ್ಣ, ಬರೀ ಬಣ್ಣ, ಕಣ್ಣು ಮುಚ್ಚಿ ಒಳಗೆ ತಡಕಿದಳು, ಸಿಕ್ಕಿತು, ರವಿಕೆ ಹೊಲಿಯುವ ನೀಲಿ ದಾರ, ಗಂಟಿನ ಮೇಲೆ ಗಂಟು, ಎಷ್ಟು ಬಿಗಿಯಾಗಿ ಕಟ್ಟಿದ್ದಾಳೆ, ಈ ಗಂಟನ್ನು ಆಕೆಯ ಬೆರಳು ಬಿಟ್ಟರೆ ತನ್ನ ಬೆರಳೇ ಮುಟ್ಟಿದ್ದು, ತಪ್ಪಾತು ಅಕ್ಕಾ, ಇನ್ನೊಮ್ಮೆ ಮಾಡಂಗಿಲ್ಲ, ಕೂಸಿನ ಮ್ಯಾಲ ಸಿಟ್ಟ ಮಾಡಬ್ಯಾಡ — ಜಗ್ಗಿದಳು, ಟಕ್ ಅಂತು, ಬಾಗಿಲು ತೆರೆಯಿತು, ತೊಯ್ದ ಸೀರೆಯನ್ನು ಎರಡೂ ಕೈಯಲ್ಲಿ ಬಾಚಿ ಎದ್ದು ತಿರುಗಿದರೆ ಬಚ್ಚಲಮನೆಯ ಬಾಗಿಲಲ್ಲಿ ಬಸ್ಸಮ್ಮ.

ಎಷ್ಟು ಹೊತ್ತಿನಿಂದ ನಿಂತಿದ್ದಾಳೋ. ವಿಶಾಖಾ ಅಕ್ಕಾರ, ತೆಗೀತೇನ್ರಿ, ಅಂತ ನೆಲದಿಂದ ಫೋನು ಕೇಳುತ್ತಿದೆ. ಬಸ್ಸಮ್ಮ ಫೋನು ನೋಡಿದಳು, ಸೀರೆ ನೋಡಿದಳು, ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು, ಬೈಯುತ್ತಾಳೆ ಅಂತ ಕಾದರೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಜಗಲಿಯ ಮುಂದೆ ಮಾತಾಡುವ ಮೆಲುದನಿಯಲ್ಲಿ ಅಂದಳು, ನೀನಽ ಬಂದು ಉಟ್ಟು ತೊಳದಿಯೇನವ್ವಾ ವಿಶಾಖಾ, ಚೆಲೋ ಆತು, ಇನ್ನ ಅನ್ನಪೂರ್ಣಗ ಕೊಡು.

ಅಂದರೆ ಕೂಸಿಗೆ ಏನೂ ಆಗುವುದಿಲ್ಲ, ಇಟ್ಟಂತೆಯೇ ಆಯಿತು, ಆಕೆ ಉಟ್ಟಂತೆಯೇ ಆಯಿತು, ಉಟ್ಟದ್ದು ನಾನಲ್ಲವೇ ಅತ್ತಿ, ಕನ್ನಡಿಯ ಮುಂದೆ ತಿರುಗಿದ್ದು ನಾನಲ್ಲವೇ, ನಾನಲ್ಲ ಅಂದರೆ ಕೂಸು ಉಳಿಯುತ್ತದೆ, ನಾನೇ ಅಂದರೆ — ಕೊಡು ಅಂದಳಲ್ಲ, ಯಾವ ಕೈಯಿಂದ ಯಾವ ಕೈಗೆ, ಇದು ಆಕೆಯ ಕೈಯಾದರೆ ನನ್ನದು ಎಲ್ಲಿ, ಎರಡೂ ಕೈ ಮುಂದೆ ಚಾಚಿವೆ, ಎರಡರ ನಡುವೆ ಕೆಂಪು ಸೆರಗು, ನೀರು ತೊಟ್ಟಿಕ್ಕುತ್ತಿದೆ, ಕೆಂಪು ಸೆರಗು —