ಮೀನುಮರಿಗೂ ಒಂದು ಲಸಿಕೆ

ಹೋದ ವರ್ಷ ಒಂದು ಬೆಳಿಗ್ಗೆ ಸೊಸೆ ಮೇವು ಎರಚಿದಾಗ ಒಂದು ಮೀನೂ ಮೇಲೆ ಬರಲಿಲ್ಲ. ನೀರು ಸದ್ದಿಲ್ಲದೆ ಮಲಗಿತ್ತು. ಕೆಲವೇ ದಿನಗಳಲ್ಲಿ ವೈರಸ್ ರೋಗ ಇಡೀ ಕೊಳವನ್ನು ಗುಡಿಸಿ ಹಾಕಿತು. ಈ ವರ್ಷವೂ ಹೀಗಾದರೆ ಕೊಳ ಮುಚ್ಚಿಸುವುದೇ ಸರಿ ಎಂದು ಮಾವ ಹೇಳಿಬಿಟ್ಟಿದ್ದರು.

ಅದಕ್ಕೇ ಅವಳು ಹೊಸ ಮರಿಗಳಿಗೆ ಲಸಿಕೆ ಹಾಕಿಸಲು ಮೀನಿನ ಡಾಕ್ಟರಮ್ಮನನ್ನು ಕರೆಸಿದಳು. ಮಂಪರಿನ ಔಷಧಿ ಬೆರೆಸಿದ ಟಬ್ಬಿನಲ್ಲಿ ಮರಿಗಳು ಒಂದೊಂದಾಗಿ ಪಕ್ಕಕ್ಕೆ ವಾಲಿದವು. ಬಗ್ಗಿ ನೋಡಿದ ಮಾವ, ಹೊಸ ನೀರಲ್ಲಾದರೂ ಬದುಕಲಿ ಎಂದು ಅವನ್ನು ಕೊಳಕ್ಕೆ ಸುರಿಯಲು ಟಬ್ಬಿಗೇ ಕೈ ಹಾಕಿದರು.

“ಸೂಜಿ ಚುಚ್ಚೋಕೆ ಮುಂಚೇನೇ ಕೊಂದ್ಬಿಟ್ರಲ್ಲಮ್ಮ.”

“ಸತ್ತಿಲ್ಲ ಯಜಮಾನ್ರೇ, ನಿದ್ದೆ ಮಾಡ್ತಿದಾವೆ” ಎಂದರು ಡಾಕ್ಟರಮ್ಮ.

ಮಾವ ಕೈ ತೆಗೆದರು. ಬಾಯಿ ಸುಮ್ಮನಿರಲಿಲ್ಲ. “ರೋಗದ ಹುಳಾನೇ ಒಳಗೆ ಬಿಡ್ತೀರಂತೆ?”

“ಇದ್ರಲ್ಲಿ ವೈರಸ್ಸೇ ಇಲ್ಲ. ಇದು ಡಿಎನ್‌ಎ ಲಸಿಕೆ. ವೈರಸ್ಸಿನ ಮೇಲುಹೊದಿಕೆಯ ಒಂದು ಚೂರನ್ನ ಹೇಗೆ ಮಾಡ್ಬೇಕು ಅನ್ನೋ ಸೂಚನೆ ಮಾತ್ರ ಇದೆ. ಮೀನಿನ ಮೈ ಆ ಚೂರನ್ನ ತಾನೇ ಮಾಡಿ, ನೋಡಿ, ಗುರುತಿಟ್ಕೊಳುತ್ತೆ. ಆಮೇಲೆ ನಿಜವಾದ ವೈರಸ್ ಬಂದ್ರೆ ಕತ್ತು ಹಿಡಿದು ಆಚೆ ತಳ್ಳುತ್ತೆ.”

“ನಮ್ಮ ಬೀಗರನ್ನ ನಾನು ದೂರದಿಂದ್ಲೇ ಗುರುತು ಹಿಡಿಯೋ ಹಾಗೆ ಅನ್ನಿ.”

ಆ ಬೀಗರು ಸೊಸೆಯ ತಂದೆಯೇ. ಅವಳು ಕೇಳಿಸದವಳಂತೆ ಬಲೆಯ ಸಿಕ್ಕು ಬಿಡಿಸಿದಳು.

ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡ ಮರಿಗಳು ತಿಳಿನೀರಿನ ತೊಟ್ಟಿಯಲ್ಲಿ ಎಚ್ಚೆತ್ತು ಈಜಿದವು.

“ಇನ್ನೇನು, ದೊಡ್ಡ ಕೊಳಕ್ಕೆ ಬಿಡು” ಎಂದರು ಮಾವ.

“ಈಗ್ಲೇ ಬೇಡ ಮಾವ. ಮೈಗೆ ರೋಗ ತಡೆಯೋ ಶಕ್ತಿ ಬರೋಕೆ ವಾರಗಟ್ಟಲೆ ಬೇಕಂತೆ. ಡಾಕ್ಟರಮ್ಮ ಹೇಳೋವರೆಗೂ ತೊಟ್ಟೀಲೇ ಇರ್ಲಿ.”

ಮಾವ ಮುಖ ಊದಿಸಿಕೊಂಡರು. ಅವಳು ಜಗ್ಗಲಿಲ್ಲ.

ಮೀನು ದೊಡ್ಡ ಕೊಳಕ್ಕಿಳಿದು ಬಲಿಯುತ್ತಿರುವಾಗ ಪಕ್ಕದವರ ಕೊಳಕ್ಕೆ ಅದೇ ರೋಗ ಬಂತು. ಎರಡಕ್ಕೂ ಒಂದೇ ಕಾಲುವೆಯ ನೀರು. ಅವಳು ದಿನವೂ ದಡದಲ್ಲಿ ಕೂತು ನೀರನ್ನೇ ಕಾದಳು. ಒಂದೆರಡು ಮೀನು ಸತ್ತು ತೇಲಿದಾಗ ಕೂಡಲೇ ಎತ್ತಿ ದೂರದಲ್ಲಿ ಹೂತಳು. ಆಮೇಲೆ ಒಂದೂ ತೇಲಲಿಲ್ಲ.

ಮೀನು ಹಿಡಿದ ದಿನ ಬಲೆ ಎಷ್ಟು ಭಾರವಾಗಿತ್ತೆಂದರೆ, ಮಾವನೇ ಸೊಂಟದ ತನಕ ನೀರಿಗಿಳಿದು ಎಳೆದರು. ಪಕ್ಕದವನು ದಡದಿಂದ ಕೇಳಿದ: “ಯಾವ ಮದ್ದು ಹಾಕಿದ್ರಿ?”

“ಮದ್ದಲ್ಲ ಕಣಯ್ಯ, ಲಸಿಕೆ. ರೋಗ ಬಂದ್ಮೇಲೆ ಹಾಕಿದ್ರೆ ಪ್ರಯೋಜನ ಇಲ್ಲ. ಉಳಿದದ್ದು ನನ್ನ ಸೊಸೇನ ಕೇಳು. ಈ ಕೊಳ ಇನ್ಮೇಲೆ ಅವಳದು.”

ಮೀನು ಸಾಕುವ ಬಂಧುಗಳೇ, ನಿಮ್ಮ ಮೀನಿಗೆ ಬರುವ ರೋಗಕ್ಕೆ ಲಸಿಕೆ ಇದೆಯೇ ಎಂದು ಮೀನುಗಾರಿಕೆ ಇಲಾಖೆಯವರನ್ನು ಇಂದೇ ಕೇಳಿ. ಇದ್ದರೆ, ಮರಿಗಳು ಆರೋಗ್ಯವಾಗಿರುವಾಗಲೇ ಹಾಕಿಸಿ. ಹಾಕಿಸಿದ ಮೇಲೆ, ರೋಗ ತಡೆಯುವ ಶಕ್ತಿ ಬರುವ ತನಕ ಕೊಳಕ್ಕೆ ಬಿಡದೆ ಕಾಯಿರಿ.