ಕಂಬಸಾಲಿಗೊಂದು ಬಾವಿ

ಕೈಪಿಡಿ ಬರೆಯುವ ಕೆಲಸ ಅಡುಗೆಯ ಉಪ್ಪಿನ ಹಾಗೆ. ಸರಿಯಾಗಿದ್ದರೆ ಯಾರೂ ಮಾತೆತ್ತುವುದಿಲ್ಲ. ಅಂಕಿಅಂಶದ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಆ ಕೆಲಸ ಮಾಡಿದವನನ್ನು ಆಫೀಸಿನವರು ಕೈಪಿಡಿರಾಯ ಎಂದೇ ಕರೆಯುತ್ತಿದ್ದರು. ಅಲ್ಲೊಂದು ಹಾಳು ಪದ್ಧತಿ: ಒಬ್ಬರ ಅಧ್ಯಾಯಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಇವನು ಬರೆದ ಎರಡನೇ ಅಧ್ಯಾಯದಲ್ಲಿ X ಎಂಬ ಮ್ಯಾಟ್ರಿಕ್ಸ್‌ನ, ಅಂದರೆ ಅಂಕಿಗಳ ಪಟ್ಟಿಯ, ಒಂದೊಂದು ಅಡ್ಡಸಾಲೂ ಒಂದೊಂದು ವಸ್ತುವಿನದು. ಗಣಿತದ ಹಿರಿಯರೊಬ್ಬರು ಬರೆದ ಆರನೆಯದರಲ್ಲಿ ಅದೇ X ಮಗ್ಗುಲಾಗಿ ಮಲಗಿತ್ತು, ವಸ್ತುಗಳೆಲ್ಲ ಮೇಲಿಂದ ಕೆಳಕ್ಕಿಳಿಯುವ ಕಂಬಸಾಲಿನಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಸಿಕ್ಕಿಬಿದ್ದವಳು ಅವನ ಸ್ವಂತ ಅಕ್ಕ. ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ತಮ್ಮನ ಅಧ್ಯಾಯವನ್ನೇ ನಂಬಿ ಹನ್ನೆರಡು ಕೊಳವೆಬಾವಿಗಳ ಹನ್ನೆರಡು ತಿಂಗಳ ಅಳತೆಯನ್ನು ಅಡ್ಡಸಾಲಿಗೊಂದು ಬಾವಿಯಂತೆ ತುಂಬಿ, ಆರನೇ ಅಧ್ಯಾಯದ ಲೆಕ್ಕಕ್ಕೆ ಕೊಟ್ಟಳು. ಹನ್ನೊಂದೇ ಬಾವಿ ಇದ್ದಿದ್ದರೆ ಪಟ್ಟಿ ತಾಳೆಯಾಗದೆ ಸಾಫ್ಟ್‌ವೇರೇ ಕೂಗಿಕೊಳ್ಳುತ್ತಿತ್ತು. ಹನ್ನೆರಡಕ್ಕೆ ಹನ್ನೆರಡು, ಚಚ್ಚೌಕ. ತೆಪ್ಪಗೆ ನುಂಗಿಕೊಂಡು, ಏಳನೆಯದು ಕೆಟ್ಟಿದೆ ಎಂದಿತು. ಅಕ್ಕ ಏಳನೇ ಬಾವಿ ಮುಚ್ಚಿಸಿದಳು. ಅದು ಹೇಳಿದ್ದು ಏಳನೇ ತಿಂಗಳನ್ನು. ವಿಷವಿದ್ದ ಮೂರನೇ ಬಾವಿಯ ನೀರನ್ನು ಜನ ಇನ್ನೂ ಐದು ತಿಂಗಳು ಕುಡಿದರು. ಅಕ್ಕನ ಮೇಲೆ ವಿಚಾರಣೆ ಶುರುವಾಯಿತು. ಕೈಪಿಡಿಯೇ ಗೊಂದಲದ್ದು ಎಂದು ತೋರಿಸಿದರೆ ಮಾತ್ರ ಅವಳ ಕೆಲಸ ಉಳಿಯುವಂತಿತ್ತು.

ಕೈಪಿಡಿರಾಯ ಮ್ಯಾನೇಜರನ ಮುಂದೆ ಹೋಗಿ ನಿಂತ.

"ಸಾರ್, ಆರನೇ ಅಧ್ಯಾಯಕ್ಕೆ ಒಂದೇ ಒಂದು ವಾಕ್ಯ ಸೇರಿಸ್ಬೇಕು."

"ಸೇರಿಸಪ್ಪಾ, ಇವತ್ತೇ ಸೇರಿಸು. ತಿದ್ದುಪಡಿ ಅಂತ ಹಾಕ್ಬೇಡ. ತಾರೀಖೂ ಬೇಡ."

ಒಂಬತ್ತು ವರ್ಷ ಜಪ್ಪಯ್ಯ ಎಂದರೂ ಒಪ್ಪದವನು ಒಂದೇ ಮಾತಿಗೆ ಒಪ್ಪಿದಾಗ ಅನುಮಾನ ಬರಬೇಕಿತ್ತು. ಈ ಪೆದ್ದನಿಗೆ ಬರಲಿಲ್ಲ. ಕಂಪನಿಯೇ ತಪ್ಪೊಪ್ಪಿಕೊಂಡಂತಾಯಿತು, ಅಕ್ಕ ಗೆದ್ದಳು ಎಂದು ಹಿಗ್ಗಿದ. ಅವಳಿಗಾಗಿಯೇ ಹತ್ತು ಸಲ ತಿದ್ದಿ ಬರೆದ: 'ಇಲ್ಲಿ X ಅನ್ನು ತಿರುಗಿಸಿ ಕೊಡಬೇಕು. ಉದಾಹರಣೆಗೆ, ಕಂಬಸಾಲಿಗೊಂದು ಬಾವಿ, ಅಡ್ಡಸಾಲಿಗೊಂದು ತಿಂಗಳು.' ಹೊಸ ಪುಟ ವೆಬ್‌ಸೈಟಿಗೆ ಏರಿತು. ಹಳೆಯದು ಅಲ್ಲಿನ ವಾಡಿಕೆಯಂತೆ ಅಂದೇ ಅಳಿಸಿಹೋಯಿತು. ವಿಚಾರಣೆಯಲ್ಲೇ ನೋಡಿ ಖುಷಿಪಡಲಿ ಎಂದು ಅಕ್ಕನಿಗೂ ಹೇಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ಅವಳ ಫೋನ್ ಬಂತು.

"ವಿಚಾರಣೆಯವರ ಮುಂದೇನೇ ಪುಟ ತೆಗ್ದು ತೋರಿಸ್ದೆ ಕಣೋ. ಗೊಂದಲ ಎಲ್ಲಿದೆಯಮ್ಮ, ಬಾವಿ ಅಂತಾನೇ ಬರ್ದಿದ್ದಾರಲ್ಲ ಅಂದ್ರು."

"ಅಕ್ಕಾ, ಅದು ನಾನು ಮೊನ್ನೆ ಸೇರ್ಸಿದ್ದು! ನಾನೇ ಬಂದು ಹೇಳ್ತೀನಿ."

"ನೀನೇ ಸೇರ್ಸಿರ್ಬೇಕು ಅಂತ ನಾನೂ ಹೇಳ್ದೆ. ತಮ್ಮನ ಮಾತು ಸಾಕ್ಷಿ ಆಗಲ್ವಂತೆ. ಹಳೇ ಪುಟ ತನ್ನಿ ಅಂದ್ರು. ಇದೆಯೇನೋ?"

ಇರಲಿಲ್ಲ. ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು ಎಂದು ಹೊಳೆದಿರಲೂ ಇಲ್ಲ. ಒಡಹುಟ್ಟಿದವಳ ಅನ್ನಕ್ಕೆ ತನ್ನ ಕೈಯಾರೆ ಕಲ್ಲು ಹಾಕಿದ್ದ. ಬಿಕ್ಕತೊಡಗಿದ.

"ಅಳ್ಬೇಡ್ವೋ," ಎಂದಳು ಅಕ್ಕ. "ಆ ವಾಕ್ಯಾನ ನನ್ ಕೈಲೇ ಎರಡು ಸಲ ಗಟ್ಟಿಯಾಗಿ ಓದಿಸಿದ್ರು. ತುಂಬಾ ಚೆನ್ನಾಗಿ ಬರ್ದಿದ್ದೀಯ. ಚಿಕ್ಕ ಮಗೂಗೂ ಅರ್ಥ ಆಗುತ್ತೆ."